ಹಸುವಿನ ಅಂಡಾಶಯ: ಸೂಕ್ಷ್ಮದರ್ಶಕದಲ್ಲಿ ಕಾಣುವುದು, ಕೊಟ್ಟಿಗೆಯಲ್ಲಿ ತಿಳಿಯಬೇಕಾದುದು



ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲೂ ಅದರ ಸುತ್ತುಮುತ್ತಲೂ ಇಂದು ರಾಗಿ ಹೊಲಗಳಿಗಿಂತ ಮನೆಗಳ ಸಾಲುಗಳೇ ಹೆಚ್ಚು. ಬೆಂಗಳೂರು ಪಶ್ಚಿಮಕ್ಕೆ ಬೆಳೆದು ಹೊಲಗಳು ನಿವೇಶನಗಳಾದ ಮೇಲೂ ಇಂಥ ಊರುಗಳಲ್ಲಿ ಕೆಲವರು ಹಿತ್ತಲಿನಲ್ಲಿ ಎರಡೋ ಮೂರೋ ಮಿಶ್ರತಳಿ ಹಸುಗಳನ್ನು ಉಳಿಸಿಕೊಂಡಿದ್ದಾರೆ. ಹೊಲ ಹೋದವನಿಗೆ ಕೊಟ್ಟಿಗೆಯೇ ಹೊಲ. ಹಸು ಹೊತ್ತಿಗೆ ಸರಿಯಾಗಿ ಬೆದೆಗೆ ಬಂದು ಗಬ್ಬ ಕಟ್ಟಿದರೆ ಆ ಹೊಲದಲ್ಲಿ ಬೆಳೆ ಉಂಟು, ಇಲ್ಲವಾದರೆ ಇಲ್ಲ. ಒಂದು ಬೆದೆ ತಪ್ಪಿತೆಂದರೆ ಇನ್ನು 21 ದಿನ ಕಾಯಬೇಕು. ಮೇವನ್ನು ಹಣ ಕೊಟ್ಟು ಕೊಳ್ಳುವವನಿಗೆ ಈ 21 ದಿನಗಳ ಬೆಲೆ ಚೆನ್ನಾಗಿ ಗೊತ್ತು.

ಈ ರೈತರು ಕೇಳುವ ಪ್ರಶ್ನೆ ಬಹುಪಾಲು ಹೀಗಿರುತ್ತದೆ: "ಕರು ಹಾಕಿ ನಾಲ್ಕು ತಿಂಗಳಾಯಿತು, ಹಸು ಬೆದೆಗೆ ಬಂದಿಲ್ಲ. ಹೋದ ತಿಂಗಳಿಂದ ಹಿಂಡಿ, ಬೂಸಾ ಎಲ್ಲವನ್ನೂ ಚೆನ್ನಾಗಿ ಹಾಕುತ್ತಿದ್ದೇನೆ. ಆದರೂ ಏಕೆ ಹೀಗೆ?" ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಆದರೆ ಮೇವಿನ ಬೆಳೆಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ಇದರ ಉತ್ತರ ಗೋದಲಿಯಲ್ಲಿ ಅರ್ಧ ಇದೆ. ಉಳಿದರ್ಧ ಕಣ್ಣಿಗೆ ಕಾಣದಷ್ಟು ಸಣ್ಣ ಜಾಗದಲ್ಲಿ, ಹಸುವಿನ ಅಂಡಾಶಯದೊಳಗೆ ಇದೆ. ಅಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿದರೆ ಒಂದು ತಿಂಗಳ ಹಿಂಡಿಗೆ ಹಸು ಏಕೆ ಒಲಿಯಲಿಲ್ಲ ಎಂಬುದು ಅರ್ಥವಾಗುತ್ತದೆ.

ಅಂಡಾಶಯ ಎಂದರೆ ಏನು?

ಹಸುವಿಗೆ ಎರಡು ಅಂಡಾಶಯಗಳಿವೆ. ಗರ್ಭಕೋಶದ ಎರಡು ಕೊಂಬುಗಳ ತುದಿಯ ಬಳಿ, ಎಡಕ್ಕೊಂದು ಬಲಕ್ಕೊಂದು ಇರುತ್ತವೆ. ಒಂದೊಂದರ ಉದ್ದ ಸುಮಾರು 3ರಿಂದ 4 ಸೆಂ.ಮೀ.; ಆಕಾರ ಹೆಚ್ಚು ಕಡಿಮೆ ಬಾದಾಮಿಯಂತೆ. ವೈದ್ಯರು ಗುದದ್ವಾರದ ಮೂಲಕ ಕೈ ಹಾಕಿ ಪರೀಕ್ಷಿಸುವಾಗ ಬೆರಳುಗಳ ನಡುವೆ ಹಿಡಿದು ನೋಡುವುದು ಇದನ್ನೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಮಾಂಸದಂಗಡಿಯಲ್ಲಿ ಹೆಣ್ಣು ಕುರಿಯ ಅಥವಾ ಮೇಕೆಯ ಅಂಡಾಶಯವನ್ನು ಕೇಳಿ ತೆಗೆದುಕೊಳ್ಳಬಹುದು. ಅದು ಅವರೆಕಾಳಿಗಿಂತ ತುಸು ದೊಡ್ಡದು. ರಚನೆ ಮಾತ್ರ ಹಸುವಿನದರಂತೆಯೇ. ಬೆಳಕಿಗೆ ಹಿಡಿದರೆ ಮೈಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು ಕಾಣುತ್ತವೆ. ಡಚ್ ವೈದ್ಯ ರೆಗ್ನಿಯರ್ ಡಿ ಗ್ರಾಫ್ ಈ ಗುಳ್ಳೆಗಳನ್ನು 1672ರಲ್ಲಿ ವಿವರವಾಗಿ ಬರೆದಿಟ್ಟನು. ಅವನ ಹೆಸರಿನಿಂದಲೇ ದೊಡ್ಡ ಗುಳ್ಳೆಗೆ ಇಂದಿಗೂ ಗ್ರಾಫಿಯನ್ ಫಾಲಿಕಲ್ ಎನ್ನುತ್ತಾರೆ. ಗುಳ್ಳೆಯೇ ಮೊಟ್ಟೆ ಎಂದು ಅವನು ಭಾವಿಸಿದ್ದನು. ಗುಳ್ಳೆಯ ಒಳಗೆ ಅಡಗಿರುವ ನಿಜವಾದ ಅಂಡವನ್ನು ಕಾರ್ಲ್ ಅರ್ನ್ಸ್ಟ್ ವಾನ್ ಬೇರ್ ಎಂಬ ವಿಜ್ಞಾನಿ ಹೆಣ್ಣು ನಾಯಿಯಲ್ಲಿ ಕಂಡದ್ದು 1827ರಲ್ಲಿ. ನಡುವೆ ನೂರೈವತ್ತು ವರ್ಷಗಳೇ ಕಳೆದವು. ಅಂಡ ಅಷ್ಟು ಸಣ್ಣದು.

ಫಾಲಿಕಲ್ ಎಂಬುದನ್ನು ನಾವು ಇಲ್ಲಿ ಅಂಡಕೋಶಿಕೆ ಎಂದೋ, ಚಿಕ್ಕದಾಗಿ ಕೋಶಿಕೆ ಎಂದೋ ಕರೆಯೋಣ. ಒಂದು ಅಂಡ, ಅದರ ಸುತ್ತ ಅದನ್ನು ಸಾಕುವ ಜೀವಕೋಶಗಳ ಕವಚ, ಇವೆರಡೂ ಸೇರಿದರೆ ಒಂದು ಕೋಶಿಕೆ.

ಗಾಜಿನ ಪಟ್ಟಿಯ ಮೇಲೆ

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆ ವಿದ್ಯಾರ್ಥಿಗಳು ಅಂಡಾಶಯವನ್ನು ಅಭ್ಯಾಸ ಮಾಡುವುದು ಗಾಜಿನ ಪಟ್ಟಿಯ ಮೇಲೆ. ಅಂಡಾಶಯದ ತುಂಡನ್ನು ಮೊದಲು ಫಾರ್ಮಲಿನ್ ದ್ರಾವಣದಲ್ಲಿ ನೆನೆಸಿ ಕೊಳೆಯದಂತೆ ಗಟ್ಟಿ ಮಾಡುತ್ತಾರೆ. ಆಮೇಲೆ ಮದ್ಯಸಾರದಿಂದ ನೀರಿನ ಅಂಶ ತೆಗೆದು ಕರಗಿದ ಮೇಣದಲ್ಲಿ ಅದ್ದಿ ಅಚ್ಚು ಹಾಕುತ್ತಾರೆ. ಮೇಣದ ಆ ಅಚ್ಚನ್ನು ಮೈಕ್ರೋಟೋಮ್ ಎಂಬ ಯಂತ್ರದಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾರೆ. ಒಂದು ಬಿಲ್ಲೆಯ ದಪ್ಪ ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗ. ಎರಡು ಸೆಂ.ಮೀ. ದಪ್ಪದ ಅಂಡಾಶಯವನ್ನು ಪೂರ್ತಿ ಕೊಯ್ದರೆ ನಾಲ್ಕು ಸಾವಿರ ಬಿಲ್ಲೆಗಳಾಗುತ್ತವೆ. ಹೀಮಟಾಕ್ಸಿಲಿನ್, ಇಯೋಸಿನ್ ಎಂಬ ಎರಡು ಬಣ್ಣ ಹಾಕಿದಾಗ ಜೀವಕೋಶದ ಕೇಂದ್ರ ನೀಲಿಯಾಗಿಯೂ ಉಳಿದ ಭಾಗ ಗುಲಾಬಿಯಾಗಿಯೂ ಕಾಣುತ್ತದೆ.

ಇಂಥ ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಹೊರ ಅಂಚಿನಿಂದ ಒಳಕ್ಕೆ ಹೀಗೆ ಕಾಣುತ್ತದೆ. ಮೊದಲು ಒಂದೇ ಸಾಲಿನ ಜೀವಕೋಶಗಳ ತೆಳುವಾದ ಹೊರಪದರ. ಅದರಡಿಯಲ್ಲಿ ನಾರಿನಿಂದ ಹೆಣೆದ ಬಿಳಿ ಗಟ್ಟಿ ಪದರ. ಅದರೊಳಗೆ ತೊಗಟೆಯ ಭಾಗ. ಕೋಶಿಕೆಗಳೆಲ್ಲ ಇರುವುದು ಇಲ್ಲಿಯೇ. ಎಲ್ಲಕ್ಕೂ ಒಳಗೆ ತಿರುಳು. ಅಲ್ಲಿ ರಕ್ತನಾಳಗಳೂ ನರಗಳೂ ತುಂಬಿವೆ. ಕುದುರೆಯಲ್ಲಿ ಮಾತ್ರ ಇದು ತಿರುವುಮುರುವು. ತಿರುಳು ಹೊರಗಿದ್ದು ತೊಗಟೆ ಒಳಗಿರುತ್ತದೆ. ಅಂಡ ಹೊರಬೀಳುವುದು ಒಂದೇ ಒಂದು ತಗ್ಗಿನಿಂದ. ನಮ್ಮ ಹಸುವಿನಲ್ಲಿ ಅಂಡಾಶಯದ ಮೈಮೇಲೆ ಹೆಚ್ಚು ಕಡಿಮೆ ಎಲ್ಲಿ ಬೇಕಾದರೂ ಅಂಡ ಹೊರಬೀಳಬಹುದು.

ಮಲಗಿರುವ ಕೋಶಿಕೆಗಳು

ತೊಗಟೆಯ ಹೊರ ಅಂಚಿನಲ್ಲಿ, ಬಿಳಿ ಪದರದ ಕೆಳಗೆ, ಸಣ್ಣ ಸಣ್ಣ ದುಂಡನೆಯ ಚುಕ್ಕೆಗಳು ಹರಡಿಕೊಂಡಿರುತ್ತವೆ. ಇವೇ ಆದಿಮ ಕೋಶಿಕೆಗಳು. ಒಂದೊಂದರ ಅಡ್ಡಳತೆ ಸುಮಾರು 0.035 ಮಿ.ಮೀ. ಒಂದು ರಾಗಿಕಾಳಿನ ಅಗಲದಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಕೋಶಿಕೆಗಳನ್ನು ಸಾಲಾಗಿ ಜೋಡಿಸಬಹುದು. ನಡುವೆ ಒಂದು ಅಂಡ, ಅಂಡದಲ್ಲಿ ದುಂಡನೆಯ ಕೇಂದ್ರ, ಸುತ್ತಲೂ ಒಂದೇ ಸುತ್ತು ಚಪ್ಪಟೆ ಜೀವಕೋಶಗಳು. ಒಂದು ಬಿಲ್ಲೆಯಲ್ಲಿ ಎಣಿಸಿದರೆ ಈ ಚಪ್ಪಟೆ ಕೋಶಗಳು ಹತ್ತಕ್ಕಿಂತ ಕಡಿಮೆಯೇ ಕಾಣುತ್ತವೆ. ಇದಕ್ಕೆ ತನ್ನದೇ ಆದ ರಕ್ತನಾಳವಿಲ್ಲ. ಕಾಲುವೆಯ ಬದುವಿನ ಗಿಡ ಜಿನುಗು ನೀರಿನಲ್ಲಿ ಬದುಕುವಂತೆ, ಸುತ್ತಲಿನ ಅಂಗಾಂಶದಿಂದ ಒಸರಿ ಬಂದುದನ್ನು ಹೀರಿ ಬದುಕುತ್ತದೆ.

ಇವುಗಳನ್ನು ಎಣಿಸುವುದು ತಾಳ್ಮೆಯ ಕೆಲಸ. ಒಂದೇ ಕೋಶಿಕೆ ಏಳು ಬಿಲ್ಲೆಗಳಲ್ಲಿ ಕಾಣಿಸಿಕೊಳ್ಳಬಹುದು. ಸಿಕ್ಕಿದ್ದನ್ನೆಲ್ಲ ಎಣಿಸಿದರೆ ಒಂದು ಏಳಾಗುತ್ತದೆ. ಆದ್ದರಿಂದ ಅಂಡದ ಕೇಂದ್ರ ಸ್ಪಷ್ಟವಾಗಿ ಕಂಡ ಬಿಲ್ಲೆಯಲ್ಲಿ ಮಾತ್ರ ಎಣಿಸುವುದು ವಾಡಿಕೆ. ಹೀಗೆ ಎಣಿಸಿ ಎರಿಕ್ಸನ್ ಎಂಬ ಅಮೆರಿಕದ ವಿಜ್ಞಾನಿ 1966ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಇಂದಿಗೂ ಎಲ್ಲರೂ ಉಪಯೋಗಿಸುತ್ತಾರೆ. ತಾಯಿಯ ಹೊಟ್ಟೆಯಲ್ಲಿ ಸುಮಾರು ನಾಲ್ಕನೆಯ ತಿಂಗಳಿನ ಹೊತ್ತಿಗೆ ಹೆಣ್ಣುಗರುವಿನ ಅಂಡಾಶಯಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಅಂಡಗಳಿರುತ್ತವೆ. ಹುಟ್ಟುವ ಹೊತ್ತಿಗೆ ಉಳಿಯುವುದು ಸರಾಸರಿ ಒಂದು ಲಕ್ಷಕ್ಕೆ ತುಸು ಮೇಲೆ. ಕರುವಿನಿಂದ ಕರುವಿಗೆ ಈ ಸಂಖ್ಯೆಯಲ್ಲಿ ಬಹಳ ವ್ಯತ್ಯಾಸವಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಹೋರಿಯು ಜೀವನಪರ್ಯಂತ ಪ್ರತಿದಿನ ಹೊಸ ವೀರ್ಯಾಣುಗಳನ್ನು ತಯಾರಿಸುತ್ತದೆ. ಆದ್ದರಿಂದಲೇ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಆರಂಭವಾದ ಘನೀಕೃತ ವೀರ್ಯ ಕೇಂದ್ರದಂಥ ಕಡೆ ಒಂದು ಹೋರಿಯಿಂದ ಸಾವಿರಾರು ಕಡ್ಡಿ ವೀರ್ಯವನ್ನು ಶೇಖರಿಸಲು ಸಾಧ್ಯವಾಗಿದೆ. ಹಸುವಿನ ಲೆಕ್ಕ ಬೇರೆ. ಅದಕ್ಕೆ ಹುಟ್ಟುವಾಗ ಬಂದದ್ದೇ ಬಂಡವಾಳ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲವೇ? ವರ್ಷಗಟ್ಟಲೆ ಕೆಡದೆ ಇರುತ್ತಿತ್ತು, ಬೇಕಾದಷ್ಟು ಮೊಗೆದುಕೊಳ್ಳುತ್ತಿದ್ದರು. ಆದಿಮ ಕೋಶಿಕೆಗಳ ಶೇಖರಣೆಯೂ ಅಂಥದೇ. ವ್ಯತ್ಯಾಸವೆಂದರೆ ಈ ಹಗೇವಿಗೆ ಹೊಸ ಸುಗ್ಗಿ ಇಲ್ಲ. ಹತ್ತು ವರ್ಷದ ಹಸು ಇಂದು ಬಿಡುವ ಅಂಡಕ್ಕೆ ಹತ್ತು ವರ್ಷಕ್ಕಿಂತ ಹೆಚ್ಚು ವಯಸ್ಸಾಗಿರುತ್ತದೆ; ಅದು ತನ್ನ ವಿಭಜನೆಯನ್ನು ತಾಯಿಯ ಹೊಟ್ಟೆಯಲ್ಲೇ ಆರಂಭಿಸಿ ನಡುದಾರಿಯಲ್ಲಿ ನಿಲ್ಲಿಸಿಕೊಂಡು ಕಾದಿರುತ್ತದೆ.

ಎಚ್ಚರವಾದ ಮೇಲೆ

ಪ್ರತಿದಿನವೂ ಈ ಶೇಖರಣೆಯಿಂದ ಕೆಲವು ಕೋಶಿಕೆಗಳು ಎಚ್ಚರಗೊಂಡು ಬೆಳೆಯಲು ತೊಡಗುತ್ತವೆ. ಹಸು ಗಬ್ಬವಿರಲಿ, ಹಾಲು ಕೊಡುತ್ತಿರಲಿ, ಬತ್ತಿರಲಿ, ಈ ಕೆಲಸ ನಿಲ್ಲುವುದಿಲ್ಲ. ಇನ್ನೂ ಬೆದೆಗೆ ಬಾರದ ಎಳೆಗರುವಿನಲ್ಲೂ ನಡೆಯುತ್ತದೆ. ಮೊದಲ ಹೆಜ್ಜೆಗೆ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯ ಅಪ್ಪಣೆ ಬೇಕಿಲ್ಲ. ಬೆಳೆಯುತ್ತಿರುವ ಕೋಶಿಕೆಗಳು ಆಂಟಿ-ಮುಲ್ಲೇರಿಯನ್ ಹಾರ್ಮೋನು ಎಂಬ ರಸವನ್ನು ಬಿಟ್ಟು ಮಲಗಿರುವವು ಒಮ್ಮೆಗೇ ಏಳದಂತೆ ತಡೆಯುತ್ತವೆ. ಈ ರಸವನ್ನು ರಕ್ತದಲ್ಲಿ ಅಳೆದು ಅಂಡಾಶಯದಲ್ಲಿ ಎಷ್ಟು ದಾಸ್ತಾನಿದೆ ಎಂದು ಅಂದಾಜು ಮಾಡುವ ಕ್ರಮ ಈಗ ಬಂದಿದೆ.

ಎಚ್ಚರವಾದ ಕೋಶಿಕೆಯ ಮೊದಲ ಗುರುತು ಇದು: ಚಪ್ಪಟೆಯಾಗಿದ್ದ ಜೀವಕೋಶಗಳು ಉಬ್ಬಿ ಇಟ್ಟಿಗೆಗಳಂತೆ ಚೌಕವಾಗುತ್ತವೆ. ಸುತ್ತು ಇನ್ನೂ ಒಂದೇ. ಇದಕ್ಕೆ ಪ್ರಾಥಮಿಕ ಕೋಶಿಕೆ ಎಂದು ಹೆಸರು. ಆಮೇಲೆ ಕೋಶಗಳು ಒಡೆದು ಹೆಚ್ಚಿ ಎರಡು ಸುತ್ತು, ಮೂರು ಸುತ್ತು, ಇನ್ನೂ ಹೆಚ್ಚು ಸುತ್ತುಗಳಾದಾಗ ದ್ವಿತೀಯ ಕೋಶಿಕೆ. ಈ ಹಂತದಲ್ಲಿ ಅಂಡದ ಸುತ್ತ ಗಾಜಿನಂತೆ ಹೊಳೆಯುವ ಒಂದು ಪೊರೆ ಮೂಡುತ್ತದೆ. ಮುಂದೆ ವೀರ್ಯಾಣು ಬಂದಾಗ ಅದನ್ನು ಗುರುತಿಸಿ ಒಂದನ್ನು ಮಾತ್ರ ಒಳಬಿಡುವಲ್ಲಿ ಈ ಪೊರೆಗೆ ಮುಖ್ಯ ಪಾತ್ರವಿದೆ. ಪೊರೆ ಬಂದ ಮೇಲೆ ಅಂಡ ಉಪವಾಸ ಬೀಳಬೇಕಲ್ಲವೇ? ಹಾಗಾಗುವುದಿಲ್ಲ. ಸುತ್ತಲಿನ ಜೀವಕೋಶಗಳು ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳನ್ನು ಪೊರೆಯ ಮೂಲಕ ಚಾಚಿ ಅಂಡವನ್ನು ಮುಟ್ಟಿ ಅದಕ್ಕೆ ಆಹಾರ ಒದಗಿಸುತ್ತವೆ.

ಕೋಶಿಕೆಯ ಹೊರಗೆ ಈಗ ಥೀಕಾ ಎಂಬ ಇನ್ನೊಂದು ಹೊದಿಕೆ ಸೇರಿಕೊಳ್ಳುತ್ತದೆ. ರಕ್ತನಾಳಗಳು ಈ ಹೊದಿಕೆಯವರೆಗೆ ಮಾತ್ರ ಬರುತ್ತವೆ. ಒಳಗಿನ ಸುತ್ತುಗಳಿಗೆ ದಾಟುವುದಿಲ್ಲ. ಹಸು ತಿಂದ ಮೇವಿನ ಸಾರ ರಕ್ತಕ್ಕೆ ಸೇರಿ, ಈ ಹೊದಿಕೆಗೆ ಬಂದು, ಅಲ್ಲಿಂದ ಜಿನುಗಿ, ಸುತ್ತು ಸುತ್ತನ್ನು ದಾಟಿ ಅಂಡವನ್ನು ತಲುಪಬೇಕು. ಕಾಲುವೆಯ ತುದಿಯ ಗದ್ದೆಗೆ ನೀರು ತಲುಪಿದಂತೆ. ಮೇಲೆ ನೀರು ಕಡಿಮೆಯಾದರೆ ಮೊದಲು ಒಣಗುವುದು ಯಾವುದೆಂದು ನಿಮಗೆ ಹೇಳಬೇಕಾಗಿಲ್ಲ.

ಕೋಶಿಕೆ ಕಾಲು ಮಿಲಿಮೀಟರಿನಷ್ಟಾಗುವ ಹೊತ್ತಿಗೆ ಸುತ್ತುಗಳ ನಡುವೆ ನೀರು ಕೂಡಿ ಒಂದು ಟೊಳ್ಳು ಉಂಟಾಗುತ್ತದೆ. ಮಾಂಸದಂಗಡಿಯ ಅಂಡಾಶಯದಲ್ಲಿ ಕಂಡ ಗುಳ್ಳೆಗಳು ಈ ಹಂತವನ್ನು ದಾಟಿದವು. ಇಲ್ಲಿಂದ ಮುಂದೆ ಪಿಟ್ಯುಟರಿಯ ಹಾರ್ಮೋನುಗಳ ಆಳ್ವಿಕೆ. 21 ದಿನದ ಒಂದು ಸುತ್ತಿನಲ್ಲಿ ಗುಳ್ಳೆಗಳ ಎರಡು ಅಥವಾ ಮೂರು ತಂಡಗಳು ಒಂದರ ಹಿಂದೆ ಒಂದು ಏಳುತ್ತವೆ. ಪ್ರತಿ ತಂಡದಲ್ಲೂ ಸಾಮಾನ್ಯವಾಗಿ ಒಂದೇ ಗುಳ್ಳೆ ಮೇಲುಗೈ ಪಡೆದು ಉಳಿದವು ಸಾಯುತ್ತವೆ. ಕೊನೆಯ ತಂಡದ ಗೆದ್ದ ಗುಳ್ಳೆ ಗೋಲಿಯಷ್ಟಾಗಿ, ಅಂದರೆ ಸುಮಾರು 15 ಮಿ.ಮೀ. ಆಗಿ, ಬೆದೆಯ ಲಕ್ಷಣಗಳನ್ನು ತಂದು, ಬೆದೆ ಇಳಿದ ಸುಮಾರು 10-12 ಗಂಟೆಗಳ ನಂತರ ಒಡೆಯುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಹಾಕಿಸಿ ಎನ್ನುವುದು ಇದಕ್ಕಾಗಿಯೇ.

ಹಾಗಾದರೆ ಲಕ್ಷದಲ್ಲಿ ಎಷ್ಟು ಅಂಡಗಳು ಹೊರಬರುತ್ತವೆ? ಜೀವಮಾನದಲ್ಲಿ ನೂರೋ ಇನ್ನೂರೋ ಇರಬಹುದು. ಉಳಿದವೆಲ್ಲ ಬೆಳೆಯುತ್ತಾ ಬೆಳೆಯುತ್ತಾ ಕರಗಿಹೋಗುತ್ತವೆ. ಪಟ್ಟಿಯ ಮೇಲೆ ಇಂಥ ಸಾಯುತ್ತಿರುವ ಕೋಶಿಕೆಗಳನ್ನು ಗುರುತಿಸುವುದು ಸುಲಭ: ಸುತ್ತಿನ ಜೀವಕೋಶಗಳ ಕೇಂದ್ರಗಳು ಮುದುಡಿ ಕಪ್ಪು ಚುಕ್ಕೆಗಳಂತಾಗಿ ಟೊಳ್ಳಿನೊಳಕ್ಕೆ ಉದುರಿರುತ್ತವೆ.

ಮೂರು ತಿಂಗಳ ಲೆಕ್ಕ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಟೊಳ್ಳು ಮೂಡಿದ ಸಣ್ಣ ಕೋಶಿಕೆ ಗೋಲಿ ಗಾತ್ರಕ್ಕೆ ಬರಲು ಸುಮಾರು 40 ದಿನ ಬೇಕು. ಆದಿಮ ಕೋಶಿಕೆ ಎಚ್ಚರಗೊಂಡು ಟೊಳ್ಳು ಮೂಡುವ ಹಂತಕ್ಕೆ ಬರಲು ಅದಕ್ಕಿಂತ ಹೆಚ್ಚು ಕಾಲ. ಒಟ್ಟು ಮೂರು ತಿಂಗಳು ಅಥವಾ ಇನ್ನೂ ಹೆಚ್ಚು. ಅಂದರೆ ನೀವು ಇಂದು ಸೂಜಿ ಹಾಕಿಸುವ ಅಂಡ ಎದ್ದದ್ದು ಮೂರು ತಿಂಗಳ ಹಿಂದೆ. ಕರು ಹಾಕಿದ 80-90ನೇ ದಿನ ಹಸು ಗಬ್ಬ ಕಟ್ಟಬೇಕೆಂದು ನಿಮ್ಮ ಇಚ್ಛೆಯಾದರೆ, ಆ ಅಂಡ ಬೆಳೆಯತೊಡಗುವುದು ಕರು ಹಾಕುವ ಹೊತ್ತಿಗೆ ಅಥವಾ ಅದಕ್ಕೂ ಮುಂಚೆ.

ಆ ಹೊತ್ತಿನಲ್ಲಿ ನಾವು ಹಸುವಿಗೆ ಏನು ಹಾಕುತ್ತಿರುತ್ತೇವೆ? ಹಾಲು ನಿಂತಿತೆಂದು ಹಿಂಡಿ ನಿಲ್ಲಿಸಿ ಬರಿಯ ರಾಗಿಹುಲ್ಲು ಹಾಕಿರುತ್ತೇವೆ. ಬಹಳ ಕೊಟ್ಟಿಗೆಗಳಲ್ಲಿ ನಡೆಯುವುದು ಇದೇ. ಆಮೇಲೆ ಕರು ಹಾಕಿದ ಹಸು ತಿಂದದ್ದಕ್ಕಿಂತ ಹೆಚ್ಚನ್ನು ಹಾಲಾಗಿ ಕೊಡುತ್ತದೆ. ಮೈಯ ಕೊಬ್ಬನ್ನು ಕರಗಿಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಇಂಥ ಸಮಯದಲ್ಲಿ ಪಿಟ್ಯುಟರಿಯಿಂದ ಬರುವ ಎಲ್.ಎಚ್. ಹಾರ್ಮೋನಿನ ಮಿಡಿತ ಕಡಿಮೆಯಾಗಿ, ಗುಳ್ಳೆಗಳು ಏಳುತ್ತವೆ ಆದರೆ ಒಡೆಯುವ ಹಂತಕ್ಕೆ ಬಾರದೆ ಕರಗುತ್ತವೆ. ಇದು ಖಚಿತವಾಗಿ ತಿಳಿದ ವಿಷಯ. ಇದಲ್ಲದೆ, ಕೊರತೆಯ ದಿನಗಳಲ್ಲಿ ಬೆಳೆದ ಎಳೆಯ ಕೋಶಿಕೆಯ ಅಂಡವು ಎರಡು ಮೂರು ತಿಂಗಳ ನಂತರವೂ ಬಡವಾಗಿಯೇ ಇರುತ್ತದೆಂದು ಅಮೆರಿಕದ ಬ್ರಿಟ್ ಎಂಬ ವಿಜ್ಞಾನಿ 1990ರ ದಶಕದ ಆರಂಭದಲ್ಲಿ ಅಭಿಪ್ರಾಯಪಟ್ಟರು. ಎಲ್ಲ ಪ್ರಯೋಗಗಳೂ ಇದನ್ನು ಒಂದೇ ಬಗೆಯಲ್ಲಿ ಸಮರ್ಥಿಸಿಲ್ಲ. ಆದರೂ ಕೊಟ್ಟಿಗೆಯಲ್ಲಿ ಹಸುವಿನ ಮೈ ನೋಡಿದವರಿಗೆ ಈ ಮಾತು ಸರಿಯೆನಿಸುತ್ತದೆ. ನನ್ನ ಅಭಿಪ್ರಾಯವೂ ಅದೇ.

ಆದ್ದರಿಂದ ಒಂದು ತಿಂಗಳು ಹಿಂಡಿ ಹಾಕಿ ಹಸುವನ್ನು ದೂರಬೇಡಿ. ಹಿಂಡಿ ತಡವಾಗಿ ಬಂದಿದೆ. ಇನ್ನೂ ಕೆಲವು ವಾರ ಮುಂದುವರಿಸಿ. ಮುಂದಿನ ಸೂಲಿಗೆ, ಕರು ಹಾಕುವುದಕ್ಕೆ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ, ಆ ಎರಡು ತಿಂಗಳಲ್ಲೂ ಹಸುರು ಮೇವನ್ನೂ ಸ್ವಲ್ಪ ತಿಂಡಿಯನ್ನೂ ತಪ್ಪಿಸದಿರಿ. ರಾಗಿಹುಲ್ಲಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೂ ಸಸಾರಜನಕ ಮತ್ತು ರಂಜಕ ಕಡಿಮೆ. ರಂಜಕವನ್ನು ಬೂಸಾ ಮತ್ತು ಅಕ್ಕಿ ತೌಡು ಒದಗಿಸುತ್ತವೆ. ಸಸಾರಜನಕವನ್ನು ಕಡಲೆಕಾಯಿ ಹಿಂಡಿ, ಅಲಸಂದೆ, ಕುದುರೆಮಸಾಲೆ ಒದಗಿಸುತ್ತವೆ. ಹಾಲು ಕೊಡುವ ಹಸುವಿಗೆ ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ ಬೇಕು. ಅಂಗೈಯಗಲ ಜಾಗ ಉಳಿದಿದ್ದರೂ ಬಚ್ಚಲ ನೀರು ಹಾಯುವ ಕಡೆ ಸಂಕರಣ ನೇಪಿಯರ್ ಹುಲ್ಲಿನ ಕಡ್ಡಿ ನೆಡಿ. ಮೊದಲ ಕೊಯ್ಲು 70-75 ದಿನಕ್ಕೆ, ಆಮೇಲೆ 40-45 ದಿನಕ್ಕೊಮ್ಮೆ ಸಿಗುತ್ತದೆ. ಮಾರುಕಟ್ಟೆಯ ತರಕಾರಿ ಸಿಪ್ಪೆ, ಬಿಯರ್ ಕಾರ್ಖಾನೆಯ ಬಾರ್ಲಿ ಗಸಿ ಇವು ನಗರದ ಅಂಚಿನಲ್ಲಿ ಸುಲಭವಾಗಿ ಸಿಗುತ್ತವೆ ನಿಜ. ಹಳಸದಿದ್ದರೆ ಗಸಿ ಒಳ್ಳೆಯ ತಿಂಡಿಯೇ. ಆದರೆ ಅದು ಹುಲ್ಲಿಗೆ ಬದಲಲ್ಲ.

ಹೊಟ್ಟೆಯೊಳಗಿನ ಕರುವಿಗೆ

ಇನ್ನೂ ಹಿಂದಕ್ಕೆ ಹೋದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಹೆಣ್ಣುಗರುವಿನ ಆದಿಮ ಕೋಶಿಕೆಗಳು ರೂಪುಗೊಳ್ಳತೊಡಗುವುದು ತಾಯಿ ಗಬ್ಬವಾದ ಸುಮಾರು ಮೂರು ತಿಂಗಳಿಗೆ. ಐರ್ಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಗಬ್ಬದ ಮೊದಲ ಮೂರನೇ ಒಂದು ಭಾಗದಲ್ಲಿ ಕೆಲವು ಕಡಸುಗಳಿಗೆ ಬೇಕಾದುದಕ್ಕಿಂತ ಬಹಳ ಕಡಿಮೆ ಆಹಾರ ಕೊಟ್ಟರು. ಅವುಗಳಿಗೆ ಹುಟ್ಟಿದ ಹೆಣ್ಣುಗರುಗಳು ನೋಡಲು ಚೆನ್ನಾಗಿಯೇ ಬೆಳೆದವು. ಆದರೆ ಅವುಗಳ ಅಂಡಾಶಯದಲ್ಲಿ ಕಾಣುವ ಗುಳ್ಳೆಗಳ ಸಂಖ್ಯೆ, ಹೊಟ್ಟೆ ತುಂಬ ತಿಂದ ತಾಯಂದಿರ ಕರುಗಳಿಗಿಂತ ಸ್ಪಷ್ಟವಾಗಿ ಕಡಿಮೆಯಿತ್ತು. ಗಬ್ಬದ ಮೊದಲ ತಿಂಗಳುಗಳಲ್ಲಿ ಹೊಟ್ಟೆ ಕಾಣುವುದಿಲ್ಲವೆಂದು ಹಸುವನ್ನು ಕಡೆಗಣಿಸುವವರು ಇದನ್ನು ನೆನಪಿನಲ್ಲಿಡಬೇಕು.

ಅವಳಿ ಕರುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಗಂಡು ಹೆಣ್ಣು ಅವಳಿಯಾಗಿ ಹುಟ್ಟಿದಾಗ ಹೊಟ್ಟೆಯಲ್ಲಿ ಎರಡರ ರಕ್ತನಾಳಗಳೂ ಕೂಡಿಕೊಂಡಿರುವುದೇ ಹೆಚ್ಚು. ಗಂಡುಗರುವಿನ ಹಾರ್ಮೋನುಗಳು ಹೆಣ್ಣುಗರುವಿನ ಅಂಡಾಶಯದ ಬೆಳವಣಿಗೆಯನ್ನು ಕೆಡಿಸುತ್ತವೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಇಂಥ ಹೆಣ್ಣುಗರುಗಳು ಗೊಡ್ಡು. ಅವುಗಳ ಅಂಡಾಶಯದ ಪಟ್ಟಿಯಲ್ಲಿ ಆದಿಮ ಕೋಶಿಕೆಗಳು ಬಹಳ ವಿರಳ. ಕೆಲವಲ್ಲಿ ಇಲ್ಲವೇ ಇಲ್ಲ. ಇದಕ್ಕೆ ಔಷಧವಿಲ್ಲ. ಸಂತೆಯಲ್ಲಿ ಅಂದವಾದ ಕಡಸು ಅಗ್ಗಕ್ಕೆ ಸಿಕ್ಕರೆ ಅವಳಿಯೇ ಎಂದು ಕೇಳಿ ತಿಳಿಯಿರಿ. ಅನುಮಾನವಿದ್ದರೆ ವೈದ್ಯರಿಗೆ ತೋರಿಸಿ. ಯೋನಿಯ ಉದ್ದ ಅಳೆದು ಅವರು ಎಳೆಗರುವಿನಲ್ಲೇ ಹೇಳಬಲ್ಲರು. ಎರಡು ಹೆಣ್ಣುಗಳೇ ಅವಳಿಯಾದರೆ ಈ ಭಯವಿಲ್ಲ.

ಎಮ್ಮೆ

ಎಮ್ಮೆಯ ಅಂಡಾಶಯ ಹಸುವಿನದಕ್ಕಿಂತ ಚಿಕ್ಕದು. ಆದಿಮ ಕೋಶಿಕೆಗಳೂ ಬಹಳ ಕಡಿಮೆ. ಪಡ್ಡೆಯಲ್ಲಿ ಹತ್ತರಿಂದ ಇಪ್ಪತ್ತು ಸಾವಿರದಷ್ಟು ಎಂದು ಎಣಿಕೆಗಳು ತೋರಿಸಿವೆ. ಸೂಲಿಗೊಂದು ಕರು ಕೊಡಲು ಇದು ಧಾರಾಳ ಸಾಕು. ಪ್ರಯೋಗಾಲಯದವರಿಗೆ ಮಾತ್ರ ಕಷ್ಟ, ಏಕೆಂದರೆ ಒಂದು ಅಂಡಾಶಯದಿಂದ ಅವರಿಗೆ ಸಿಗುವ ಅಂಡಗಳು ಕಡಿಮೆ. ಆದರೂ ಕರ್ನಾಲ್‌ನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ದೇಹದ ಹೊರಗೆ ಫಲಿತಗೊಳಿಸಿದ ಅಂಡದಿಂದ 1990ರಲ್ಲಿ 'ಪ್ರಥಮಾ' ಎಂಬ ಎಮ್ಮೆಗರು ಹುಟ್ಟಿತು. ಕೃತಕ ಗರ್ಭಧಾರಣೆಯಲ್ಲಿ ಇಂಥ ಮೊದಲ ಹೆಜ್ಜೆ ನಮ್ಮಲ್ಲೇ ಆಗಿತ್ತು: 1939ರಲ್ಲಿ ಮೈಸೂರಿನ ಅರಮನೆಯ ಡೇರಿಯಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯ ಹಾಕಿ 33 ಹಸುಗಳು ಗಬ್ಬ ಕಟ್ಟುವಂತೆ ಮಾಡಿದರು.

ವೈದ್ಯರ ಕೈಗೆ ತಿಳಿಯುವುದು

ಪಶುವೈದ್ಯರು ಕೈ ಹಾಕಿ ನೋಡಿ "ಅಂಡಾಶಯ ನಯವಾಗಿದೆ, ಏನೂ ಇಲ್ಲ" ಎಂದರೆ ಹಸು ಬಂಜೆಯೆಂದು ಗಾಬರಿಯಾಗಿ ಮಾರಿಬಿಡಬೇಡಿ. ಬೆರಳಿಗೆ ತಿಳಿಯುವುದು ಹಲವು ಮಿಲಿಮೀಟರಿನ ದೊಡ್ಡ ಗುಳ್ಳೆಗಳು ಮತ್ತು ಅಂಡ ಬಿಟ್ಟ ಜಾಗದಲ್ಲಿ ಬೆಳೆಯುವ ಪೀತಕಾಯ ಮಾತ್ರ. ಸ್ಕ್ಯಾನಿಂಗ್ ಯಂತ್ರಕ್ಕೆ ಎರಡು ಮೂರು ಮಿಲಿಮೀಟರಿನವು ಕಾಣುತ್ತವೆ. ಅದಕ್ಕಿಂತ ಸಣ್ಣವು ಸಾವಿರಗಟ್ಟಲೆ ತೊಗಟೆಯಲ್ಲಿ ಇದ್ದೇ ಇರುತ್ತವೆ. ನಯವಾದ ಅಂಡಾಶಯದ ಬಡಕಲು ಹಸು ಮೇವಿಗೆ ಒಲಿಯುವ ಸಂಭವ ಹೆಚ್ಚು. ಮೈಕೈ ತುಂಬಿಕೊಂಡಿದ್ದು ಮೂರು ನಾಲ್ಕು ಬಾರಿ ಸೂಜಿ ಹಾಕಿಸಿದರೂ ನಿಲ್ಲದ ಹಸುವಿನ ಕಥೆ ಬೇರೆ. ಗರ್ಭಕೋಶದ ಸೋಂಕೋ, ಸೂಜಿ ಹಾಕಿದ ಹೊತ್ತೋ ಕಾರಣವಿರಬಹುದು, ಅದಕ್ಕೆ ಹಿಂಡಿ ಔಷಧವಲ್ಲ. ವೈದ್ಯರ ಬಳಿ ಹೋಗುವಾಗ ಕರು ಹಾಕಿದ ದಿನ, ಕಸ ಬಿದ್ದ ಹೊತ್ತು, ಬೆದೆ ಕಂಡ ದಿನಗಳು, ಸೂಜಿ ಹಾಕಿಸಿದ ದಿನಗಳು ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕರು ಹಾಕಿ ಎರಡು ತಿಂಗಳಾದರೂ ಬೆದೆ ಕಾಣದಿದ್ದರೆ ನಾಲ್ಕನೆಯ ತಿಂಗಳವರೆಗೆ ಕಾಯದೆ ಆಗಲೇ ತೋರಿಸಿ.